ನಾಕಾ ದಾಟಿ ಬಂದ ಅಕ್ಷರ

ಮುಂಬಯಿಯ ಪಶ್ಚಿಮ ಉಪನಗರಗಳ ಸಾಲಿನಲ್ಲಿ ದಹಿಸರ್ ಕೊನೆಯದು. ಅಲ್ಲಿಗೆ ಮಹಾನಗರಪಾಲಿಕೆಯ ಗಡಿ ಮುಗಿಯುತ್ತದೆ, ಆಚೆಗೆ ಮೀರಾ ರೋಡು, ಭಾಯಂದರ್. ಹೆದ್ದಾರಿಯ ಮೇಲಿನ ಚೆಕ್ ನಾಕಾ ಈ ಊರಿನ ಗುರುತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬರುವವರೆಗೆ, ಉತ್ತರದಿಂದ ನಗರದೊಳಗೆ ಬರುವ ಸರಕಿನ ಲಾರಿಗಳು ಇಲ್ಲಿ ನಿಂತು ಜಕಾತಿ ತೆತ್ತು ಮುಂದೆ ಸಾಗಬೇಕಾಗಿತ್ತು. ಕಾಗದಪತ್ರ ನೋಡುವುದು, ತಾಡಪಾಲು ಬಿಚ್ಚುವುದು, ಒಳಗಿರುವ ಸರಕು ಹೇಳಿದ ಸರಕೇ ಹೌದೋ ಅಲ್ಲವೋ ಎಂದು ಪರಿಶೀಲಿಸುವುದು, ಆಮೇಲೆ ಬಿಡುವುದು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ನಮ್ಮ ಗಾದೆಯ ಅರ್ಥವನ್ನು ಅಲ್ಲಿ ರಾತ್ರಿಯೆಲ್ಲ ಕಾದು ನಿಂತ ಚಾಲಕರು ಚೆನ್ನಾಗಿ ಬಲ್ಲರು.

ಈ ನಾಕಾದ ನೆನಪು ನಮಗೆ ಮರಳಿದ್ದು ಲಾರಿಯ ಕಾರಣದಿಂದಲ್ಲ, ಒಂದು ಕಂಪ್ಯೂಟರ್ ಆಟದ ಕಾರಣದಿಂದ. ನಮ್ಮ ಬಳಗದ ಹಿರಿಯರೊಬ್ಬರು ದಹಿಸರ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಮೊಮ್ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವನು. ಕನ್ನಡ, ತುಳು ಎರಡನ್ನೂ ಮಾತನಾಡುತ್ತಾನೆ, ಓದಲು ಬಾರದು. ಅಜ್ಜನ ಕಥೆಗಳನ್ನು ಕೇಳಿ ಕೇಳಿ, ಆ ರಾತ್ರಿ ಶಾಲೆಯ ಕೋಣೆಯನ್ನು ಒಂದು ಗೇಮ್ ಎಂಜಿನ್ನಿನಲ್ಲಿ ಕಟ್ಟಿ ತೋರಿಸುವ ಹಂಬಲ ಅವನಿಗೆ ಹುಟ್ಟಿತು. ಬೆಂಚುಗಳು ಬಂದವು, ಕಿಟಕಿ ಬಂತು, ನೇತಾಡುವ ದೀಪ ಬಂತು, ಕಪ್ಪು ಹಲಗೆಯೂ ಬಂತು. ಹಲಗೆಯ ಮೇಲೆ ‘ವಿದ್ಯಾರ್ಥಿ’ ಎಂದು ಬರೆಯಬೇಕೆಂದು ಅಜ್ಜ ಹೇಳಿದರು. ಹುಡುಗ ಅಂತರಜಾಲದಿಂದ ಆ ಪದವನ್ನು ನಕಲಿಸಿ ಎಂಜಿನ್ನಿಗೆ ಕೊಟ್ಟ. ಹಲಗೆಯ ಮೇಲೆ ಮೂಡಿದ್ದು ಬಿಡಿ ವ್ಯಂಜನಗಳು, ಅವುಗಳ ಪಕ್ಕದಲ್ಲಿ ಒಂಟಿಯಾಗಿ ನಿಂತ ಗುಣಿತದ ಚಿಹ್ನೆಗಳು, ಒತ್ತಾಗದೆ ಉಳಿದ ಯಕಾರ. ಹುಡುಗನ ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಅಜ್ಜ ಮಾತ್ರ, “ಇದು ಕನ್ನಡ ಅಲ್ಲ ಮಗಾ” ಎಂದರು.

ಕೊನೆಗೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಅಜ್ಜ ಕಾಗದದ ಮೇಲೆ ತಮ್ಮ ಕೈಯಾರೆ ಬರೆದರು. ಹುಡುಗ ಅದರ ಫೋಟೋ ತೆಗೆದು, ಆಟ ನಡೆಯುತ್ತಿರುವಾಗಲೇ ಆ ಚಿತ್ರವನ್ನು ಹೊರಗಿನಿಂದ ತಂದು ಹಲಗೆಯ ಮೇಲೆ ಹೊದೆಸಿದ. ಅಕ್ಷರವಾಗಿ ಒಳಗೆ ಬರಲಾರದ ಕನ್ನಡ ಚಿತ್ರವಾಗಿ ಒಳಗೆ ಬಂತು. ಈ ಉಪಾಯದ ಹಿಂದಿರುವ ಚರಿತ್ರೆಯನ್ನು ನಾವು ಕೆದಕುತ್ತ ಹೋದಂತೆ, ಅದು ಕಂಪ್ಯೂಟರಿನ ಚರಿತ್ರೆಯಷ್ಟೇ ಅಲ್ಲ, ಕನ್ನಡ ಲಿಪಿಯ ಚರಿತ್ರೆಯೂ ಹೌದೆಂದು ತಿಳಿಯಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಮೊದಲು ಕೆಲವು ಪದಗಳ ಪರಿಚಯ ಅಗತ್ಯ. ಗೇಮ್ ಎಂಜಿನ್ ಎಂದರೆ ಆಟದ ಲೋಕವನ್ನು ಕಟ್ಟಿ ನಡೆಸುವ ತಂತ್ರಾಂಶ. ಆ ಲೋಕದ ಗೋಡೆ, ನೆಲ, ಮರ, ಮನುಷ್ಯ ಎಲ್ಲವೂ ಒಳಗೆ ಬರಿಯ ರೇಖಾಗಣಿತದ ಆಕೃತಿಗಳು, ಬಹುಮಟ್ಟಿಗೆ ತ್ರಿಕೋನಗಳು. ಅವಕ್ಕೆ ಇಟ್ಟಿಗೆಯ, ಮಣ್ಣಿನ, ಚರ್ಮದ ತೋರಿಕೆಯನ್ನು ಕೊಡುವುದು ಮೇಲೆ ಹೊದೆಸಿದ ಚಿತ್ರ. ಆ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ನಮ್ಮ ತೊಗಲುಗೊಂಬೆಯಾಟವನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಕಿಳ್ಳೇಕ್ಯಾತರ ಗೊಂಬೆಗಳು ಆಟಕ್ಕೆ ಬಹಳ ಮೊದಲೇ ಹದಮಾಡಿದ ತೊಗಲಿನ ಮೇಲೆ ಕೊರೆದು ಬಣ್ಣ ತುಂಬಿದ ಚಿತ್ರಗಳು. ಅವು ಪೆಟ್ಟಿಗೆಯಲ್ಲಿರುತ್ತವೆ. ಆಟ ನಡೆಯುವಾಗ ಪ್ರಸಂಗಕ್ಕೆ ಬೇಕಾದ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದು, ದೀಪ ಮತ್ತು ಪರದೆಯ ನಡುವೆ ಹಿಡಿಯುತ್ತಾರೆ. ಎಂಜಿನ್ ಮಾಡುವ ಕೆಲಸವೂ ಇದೇ ಬಗೆಯದು. ಪೆಟ್ಟಿಗೆಯಲ್ಲಿ ಇಲ್ಲದ ಚಿತ್ರವೊಂದನ್ನು ಪ್ರೇಕ್ಷಕನೊಬ್ಬ ಆಟದ ನಡುವೆ ತಂದುಕೊಟ್ಟು, ‘ಇದನ್ನೂ ಪರದೆಗೆ ತನ್ನಿ’ ಎಂದರೆ ಏನಾಗುತ್ತದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಆಟ ಓಡುತ್ತಿರುವ ಆ ಹೊತ್ತನ್ನು ತಂತ್ರಜ್ಞರು ರನ್‌ಟೈಮ್ ಎನ್ನುತ್ತಾರೆ.

ಆಕೃತಿಯ ಮೇಲೆ ಚಿತ್ರ ಹೊದೆಸುವ ವಿಚಾರ 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಕ್ಯಾಟ್ಮಲ್ ಅವರು ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ರೂಪುಗೊಂಡಿತು. ಮುಂದೆ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ಯಾಟ್ಮಲ್ ಇವರೇ. 1976ರಲ್ಲಿ ಜೇಮ್ಸ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ ಈ ದಾರಿಯನ್ನು ವಿಸ್ತರಿಸಿ, ವಸ್ತುವಿನ ಹೊಳಪಿನಲ್ಲಿ ಸುತ್ತಲಿನ ಪ್ರತಿಬಿಂಬವನ್ನೂ ಚಿತ್ರದ ಮೂಲಕವೇ ತೋರಿಸಿದರು. 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಇನ್ನೊಂದು ತೊಡಕನ್ನು ಬಿಡಿಸಿದರು. ದೂರದ ಗೋಡೆಯ ಮೇಲೆ ದೊಡ್ಡ ಚಿತ್ರವನ್ನು ಹೊದೆಸಿದರೆ ಅದು ಮಿನುಗುತ್ತದೆ, ಕಣ್ಣಿಗೆ ಕಿರಿಕಿರಿ. ಆದುದರಿಂದ ಒಂದೇ ಚಿತ್ರದ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳನ್ನು ಮೊದಲೇ ಮಾಡಿಟ್ಟು, ದೂರಕ್ಕೆ ತಕ್ಕಂತೆ ಸಣ್ಣ ಪ್ರತಿಯನ್ನು ಬಳಸಬೇಕೆಂದರು. ಇವುಗಳಿಗೆ ಮಿಪ್‌ಮ್ಯಾಪ್ ಎಂದು ಹೆಸರು. ‘ಚಿಕ್ಕದರಲ್ಲಿ ಬಹಳ’ ಎಂಬರ್ಥದ ಲ್ಯಾಟಿನ್ ನುಡಿಯ ಮೊದಲಕ್ಷರಗಳಿಂದ ಬಂದ ಹೆಸರದು. ಈ ಎಲ್ಲ ಪ್ರತಿಗಳೂ ಸೇರಿ ಮೂಲ ಚಿತ್ರಕ್ಕಿಂತ ಮೂರನೆಯ ಒಂದು ಪಾಲಷ್ಟೇ ಹೆಚ್ಚು ಜಾಗ ಬೇಡುತ್ತವೆ.

ಇವೆಲ್ಲ ಪ್ರಯೋಗಶಾಲೆಯ ಮಾತು. ಮನೆಮನೆಯ ಕಂಪ್ಯೂಟರಿಗೆ ಇವು ಇಳಿದದ್ದು 1990ರ ದಶಕದಲ್ಲಿ. 1992ರ ವುಲ್ಫನ್‌ಸ್ಟೈನ್ ತ್ರೀಡಿ ಎಂಬ ಆಟದಲ್ಲಿ ಗೋಡೆಯ ಪ್ರತಿಯೊಂದು ಚಿತ್ರವೂ ಅಡ್ಡ 64, ಉದ್ದ 64 ಚುಕ್ಕೆಗಳಷ್ಟೇ ಇತ್ತು. ಚುಕ್ಕೆಗೊಂದು ಬೈಟಿನಂತೆ ಒಟ್ಟು 4,096 ಬೈಟು. ಅದೇ ಸಂಸ್ಥೆಯ ಡೂಮ್ ಆಟ 1993ರ ಡಿಸೆಂಬರಿನಲ್ಲಿ ಬಂತು. ಅದರ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ಆಟದ ಕ್ರಮವಿಧಿಯನ್ನು ಒಂದು ಕಡೆಗೂ, ಚಿತ್ರ, ಧ್ವನಿ, ನಕ್ಷೆಗಳನ್ನು ‘ವ್ಯಾಡ್’ ಎಂಬ ಬೇರೆ ಕಡತದ ಕಡೆಗೂ ಇರಿಸಿದರು. ಇದರಿಂದ ಒಂದು ಮಹತ್ತ್ವದ ಪರಿಣಾಮವಾಯಿತು. ಆಟಗಾರನು ತಾನೇ ಮಾಡಿದ ಇನ್ನೊಂದು ವ್ಯಾಡ್ ಕಡತವನ್ನು ಆಟ ಆರಂಭಿಸುವಾಗ ಜೊತೆಗೆ ಕೊಟ್ಟರೆ, ಆಟವು ಮೂಲಕ್ಕೆ ಬದಲಾಗಿ ಅದರಲ್ಲಿರುವುದನ್ನು ಎತ್ತಿಕೊಳ್ಳುತ್ತಿತ್ತು. ಮೂಲ ಕಡತಕ್ಕೆ ಕೈಹಚ್ಚಬೇಕಾಗಿಯೂ ಇರಲಿಲ್ಲ. ಹೀಗೆ ಜಗತ್ತಿನ ಎಲ್ಲೆಲ್ಲಿಯೋ ಕುಳಿತ ಹುಡುಗರು ತಮ್ಮ ಶಾಲೆ, ತಮ್ಮ ಕಚೇರಿ, ತಮ್ಮ ಬೀದಿಗಳನ್ನು ಆ ಆಟದೊಳಗೆ ತಂದರು. ಲೋಕವನ್ನು ಕಟ್ಟಿದವನು ಕಾಣದ, ಊಹಿಸದ ಚಿತ್ರಗಳಿಗೆ ಆ ಲೋಕದೊಳಗೆ ಎಡೆ ದೊರೆಯಿತು. ದಹಿಸರ್‌ನ ಹುಡುಗ ಅಜ್ಜನ ಕೈಬರಹವನ್ನು ಹಲಗೆಗೆ ತಂದದ್ದು ಈ ಪರಂಪರೆಯ ಮುಂದುವರಿಕೆ.

ಇಂದಿನ ಎಂಜಿನ್ನುಗಳಲ್ಲಿ ಚಿತ್ರ ಒಳಬರುವ ದಾರಿಗಳು ಎರಡು. ಮೊದಲನೆಯದು, ಆಟವನ್ನು ಕಟ್ಟುವಾಗಲೇ ಚಿತ್ರಗಳನ್ನು ಸೇರಿಸುವುದು. ಆಗ ಎಂಜಿನ್ ಅವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪುವ ಒತ್ತಿದ ರೂಪಕ್ಕೆ ಬದಲಿಸಿ, ಮಿಪ್‌ಮ್ಯಾಪ್‌ಗಳನ್ನು ಮಾಡಿ, ಕಟ್ಟಿನೊಳಗೆ ಸೇರಿಸಿಬಿಡುತ್ತದೆ. ಎರಡನೆಯದು, ಆಟ ನಡೆಯುತ್ತಿರುವಾಗ ಬಳಸುವವನ ಕಂಪ್ಯೂಟರಿನಿಂದಲೋ ಜಾಲದಿಂದಲೋ ಚಿತ್ರದ ಕಡತವನ್ನು ತೆರೆದು ಟೆಕ್ಸ್ಚರ್ ಮಾಡಿಕೊಳ್ಳುವುದು. ಮೊದಲನೆಯದು ನಗರದೊಳಗೇ ತಯಾರಾದ ಸರಕಿನಂತೆ. ಎರಡನೆಯದು ಹೊರಗಿನಿಂದ ಬಂದ ಲಾರಿಯಂತೆ, ಅದು ನಾಕಾದಲ್ಲಿ ನಿಲ್ಲಲೇಬೇಕು.

ಆ ನಾಕಾದ ಕಟ್ಟಳೆಗಳನ್ನು ಕೊಂಚ ನೋಡೋಣ. ಮೊದಲು ಕಾಗದಪತ್ರ. ಕಡತದ ಹೆಸರಿನ ಕೊನೆಯಲ್ಲಿ ಏನು ಬರೆದಿದೆ ಎಂಬುದನ್ನು ನಂಬುವಂತಿಲ್ಲ. ಪಿಎನ್‌ಜಿ ಕಡತವಾದರೆ ಅದರ ಮೊದಲ ಎಂಟು ಬೈಟುಗಳು 137, 80, 78, 71, 13, 10, 26, 10 ಎಂದೇ ಇರಬೇಕು. ಇವುಗಳಲ್ಲಿ ಎರಡನೆಯದರಿಂದ ನಾಲ್ಕನೆಯದು ಆ ರೂಪದ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳು. ಒಳಗಿನ ಪ್ರತಿ ತುಂಡಿನ ಕೊನೆಗೂ ಒಂದು ತಾಳೆಸಂಖ್ಯೆ ಇರುತ್ತದೆ. ಸಾಗಣೆಯಲ್ಲಿ ಒಂದು ಬೈಟು ಕೆಟ್ಟರೂ ತಾಳೆ ತಪ್ಪಿ ಕಳವಳ ಗೊತ್ತಾಗುತ್ತದೆ. ಈ ಪಿಎನ್‌ಜಿಯ ಹುಟ್ಟಿಗೂ ಒಂದು ಸುಂಕದ ಕಥೆ ಇದೆ. 1987ರಲ್ಲಿ ಬಂದಿದ್ದ ಜಿಐಎಫ್ ಎಂಬ ಚಿತ್ರರೂಪ ಎಲ್ಲೆಡೆ ಬಳಕೆಯಲ್ಲಿತ್ತು. ಅದರಲ್ಲಿ ಬಳಸಿದ್ದ ಒತ್ತುವಿಧಾನಕ್ಕೆ ಪೇಟೆಂಟ್ ಇದೆ, ತಂತ್ರಾಂಶ ಮಾಡುವವರು ಹಣ ತೆರಬೇಕು ಎಂಬ ಘೋಷಣೆ 1994ರ ಕೊನೆಯಲ್ಲಿ ಹೊರಬಿತ್ತು. ಅದಕ್ಕೆ ಪ್ರತಿಯಾಗಿ ಹಲವರು ಕೂಡಿ, ಯಾರಿಗೂ ಸುಂಕ ಕೊಡಬೇಕಾಗದ ಹೊಸ ರೂಪವನ್ನು ಕಟ್ಟಿದರು. 1996ರ ಅಕ್ಟೋಬರಿನಲ್ಲಿ ಅದು ಅಂತರಜಾಲದ ಶಿಫಾರಸಾದ ಮಾನಕವಾಯಿತು.

ಎರಡನೆಯದು ತಾಡಪಾಲು ಬಿಚ್ಚುವ ಕೆಲಸ. ಕಡತದಲ್ಲಿ ಚಿತ್ರ ಮಡಚಿ ಒತ್ತಿದ ಸ್ಥಿತಿಯಲ್ಲಿರುತ್ತದೆ. ಅದನ್ನು ಬಿಡಿಸಿದಾಗ ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟುಗಳಾಗುತ್ತವೆ. ಅಡ್ಡ 4,000, ಉದ್ದ 3,000 ಚುಕ್ಕೆಗಳ ಮೊಬೈಲ್ ಫೋಟೋ ಕಡತವಾಗಿದ್ದಾಗ ಕೆಲವೇ ಮೆಗಾಬೈಟು ಇರಬಹುದು. ಬಿಡಿಸಿದಾಗ ಅದು 4.8 ಕೋಟಿ ಬೈಟು. ವುಲ್ಫನ್‌ಸ್ಟೈನಿನ ಒಂದು ಗೋಡೆಯ ಹನ್ನೊಂದು ಸಾವಿರಕ್ಕೂ ಹೆಚ್ಚು ಪಟ್ಟು. ಇಷ್ಟನ್ನು ಬಿಡಿಸಿ ಗ್ರಾಫಿಕ್ಸ್ ಕಾರ್ಡಿಗೆ ಸಾಗಿಸುವ ಹೊತ್ತಿನಲ್ಲಿ ಆಟ ಒಂದು ಕ್ಷಣ ತಡವರಿಸುತ್ತದೆ. ಸೆಕೆಂಡಿಗೆ 60 ದೃಶ್ಯ ತೋರಿಸಬೇಕಾದ ಎಂಜಿನ್ನಿಗೆ ಒಂದು ದೃಶ್ಯಕ್ಕೆ ದೊರೆಯುವ ಕಾಲ ಸೆಕೆಂಡಿನ ಅರವತ್ತನೆಯ ಒಂದು ಭಾಗ ಮಾತ್ರ. ಆದುದರಿಂದ ಬಲ್ಲವರು ದೊಡ್ಡ ಚಿತ್ರವನ್ನು ಮೊದಲೇ ಕುಗ್ಗಿಸಿಕೊಳ್ಳುತ್ತಾರೆ, ಬಿಡಿಸುವ ಕೆಲಸವನ್ನು ಆಟದ ಮುಖ್ಯ ಓಟದಿಂದ ಬೇರೆ ಎಳೆಗೆ ಒಪ್ಪಿಸುತ್ತಾರೆ, ಕೆಲಸ ಮುಗಿದ ಟೆಕ್ಸ್ಚರ್‌ಗಳನ್ನು ಮರೆಯದೆ ತೆಗೆದುಹಾಕುತ್ತಾರೆ.

ಪ್ರತಿಯೊಂದು ಎಂಜಿನ್ನಿಗೂ ತನ್ನದೇ ರೂಢಿ. 2005ರಲ್ಲಿ ಬಿಡುಗಡೆಯಾದ ಯೂನಿಟಿಯಲ್ಲಿ, ಎರಡು ಚುಕ್ಕೆ ಅಗಲ, ಎರಡು ಚುಕ್ಕೆ ಎತ್ತರದ ಖಾಲಿ ಟೆಕ್ಸ್ಚರ್ ಒಂದನ್ನು ಮಾಡಿ ಕಡತದ ಬೈಟುಗಳನ್ನು ಅದಕ್ಕೆ ಉಣಿಸಿದರೆ ಸಾಕು, ಚಿತ್ರದ ಅಳತೆಗೆ ಅದು ತಾನೇ ಹಿಗ್ಗುತ್ತದೆ. 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಗೊಡೋದಲ್ಲಿ, ಕಡತವನ್ನು ಮೊದಲು ಚಿತ್ರವಾಗಿ ಓದಿ, ಆಮೇಲೆ ಆ ಚಿತ್ರದಿಂದ ಟೆಕ್ಸ್ಚರ್ ಮಾಡಬೇಕು. ಅಲ್ಲಿ ಹೊಸಬರು ಎಡವುವ ಒಂದು ತಾಣವೂ ಇದೆ. ‘ರೆಸ್’ ಎಂದು ಆರಂಭವಾಗುವ ದಾರಿ ಆಟ ಕಟ್ಟುವವನ ಯೋಜನೆಯ ಕಡತಗಳದು. ಕಟ್ಟುವಾಗ ಆ ದಾರಿಯ ಚಿತ್ರವನ್ನು ಕಡತವಾಗಿ ತೆರೆದರೆ ತೆರೆಯುತ್ತದೆ. ಆಟವನ್ನು ಹೊರಗೆ ಕಳಿಸಿದ ಮೇಲೆ ಮೂಲ ಚಿತ್ರ ಅಲ್ಲಿ ಉಳಿದಿರುವುದಿಲ್ಲ, ಬದಲಾದ ರೂಪವಷ್ಟೇ ಇರುತ್ತದೆ. ಬಳಸುವವರು ತರುವ ಚಿತ್ರಗಳಿಗೆ ‘ಯೂಸರ್’ ಎಂಬ ಬೇರೆ ದಾರಿ ಇದೆ. ತನ್ನ ಮನೆಯಲ್ಲಿ ಕಂಡ ಚಿತ್ರ ಗೆಳೆಯನ ಮನೆಯಲ್ಲಿ ಏಕೆ ಕಾಣದು ಎಂದು ತಲೆ ಕೆಡಿಸಿಕೊಂಡವರು ಈ ಎರಡು ದಾರಿಗಳ ವ್ಯತ್ಯಾಸವನ್ನು ಕಲಿತೇ ಕಲಿತಿರುತ್ತಾರೆ.

ಇನ್ನೊಂದು ವಿಚಿತ್ರವೂ ಇದೆ. ಚಿತ್ರದ ಕಡತಗಳು ಸಾಮಾನ್ಯವಾಗಿ ಮೇಲಿನ ಸಾಲಿನಿಂದ ಕೆಳಕ್ಕೆ ಬರೆದಿರುತ್ತವೆ. ಓಪನ್‌ಜಿಎಲ್ ಎಂಬ ಹಳೆಯ ಚಿತ್ರಣ ಪದ್ಧತಿಯಲ್ಲಿ ಲೆಕ್ಕ ಕೆಳಗಿನ ಸಾಲಿನಿಂದ ಆರಂಭ. ಇದನ್ನು ಗಮನಿಸದಿದ್ದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಗೋಡೆಯ ಇಟ್ಟಿಗೆ ತಲೆಕೆಳಗಾದರೆ ಯಾರಿಗೂ ತಿಳಿಯದು, ಅಕ್ಷರ ತಲೆಕೆಳಗಾದರೆ ಓದಬಲ್ಲವರಿಗೆಲ್ಲ ತಿಳಿಯುತ್ತದೆ.

ಈಗ ಅಕ್ಷರದ ಪ್ರಶ್ನೆಗೆ ಬರೋಣ. ಎಂಜಿನ್ನಿಗೆ ಅಕ್ಷರವೂ ಕೊನೆಗೆ ಒಂದು ಚಿತ್ರವೇ. ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳು ಸೇರಿ 52, ಅಂಕಿಗಳು 10, ಕೆಲವು ಚಿಹ್ನೆಗಳು. ಇವೆಲ್ಲವನ್ನೂ ಒಂದೇ ಸಣ್ಣ ಟೆಕ್ಸ್ಚರಿನಲ್ಲಿ ಸಾಲಾಗಿ ಬರೆದಿಟ್ಟು, ಬೇಕಾದಾಗ ಬೇಕಾದ ಚೌಕವನ್ನು ಕತ್ತರಿಸಿ ಒಂದರ ಪಕ್ಕ ಒಂದನ್ನು ಅಂಟಿಸಿದರೆ ಬರಹವಾಯಿತು. ಬಹುಕಾಲ ಆಟಗಳು ಹೀಗೆಯೇ ಬರೆದವು. ಈ ಏರ್ಪಾಟಿನ ಹಿಂದೆ ಒಂದು ಊಹೆ ಅಡಗಿದೆ, ಒಂದು ಸಂಕೇತಕ್ಕೆ ಒಂದು ಆಕಾರ, ಸಂಕೇತಗಳ ಕ್ರಮವೇ ಕಣ್ಣಿಗೆ ಕಾಣುವ ಕ್ರಮ ಎಂಬುದು.

ಕನ್ನಡ ಈ ಊಹೆಯನ್ನು ಒಪ್ಪುವುದಿಲ್ಲ. ಅಜ್ಜ ಹೇಳಿದ ‘ವಿದ್ಯಾರ್ಥಿ’ಯನ್ನೇ ನೋಡಿ. ನಮಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಹತ್ತು ಸಂಕೇತ: ವಕಾರ, ಇಕಾರದ ಗುಡಿಸು, ದಕಾರ, ಅರ್ಧಚಿಹ್ನೆ, ಯಕಾರ, ದೀರ್ಘ, ರಕಾರ, ಮತ್ತೆ ಅರ್ಧಚಿಹ್ನೆ, ಥಕಾರ, ಮತ್ತೆ ಗುಡಿಸು. ಯಕಾರ ಕೆಳಗೆ ಇಳಿದು ಒತ್ತಾಗಬೇಕು. ದೀರ್ಘ ದಕಾರಕ್ಕೆ ಕೂಡಬೇಕು. ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ‘ಥಿ’ಯ ಬಲಕ್ಕೆ ಹೋಗಿ ಕೂರಬೇಕು. ನಮ್ಮ ವ್ಯಂಜನಗಳು 34. ಒಂದು ವ್ಯಂಜನಕ್ಕೆ ಒಂದು ಒತ್ತು ಎಂದು ಲೆಕ್ಕ ಹಿಡಿದರೂ 1,156 ಜೋಡಿಗಳು, ಅವಕ್ಕೆ ಕಾಗುಣಿತ ಸೇರಿಸಿದರೆ ಹದಿನೈದು ಸಾವಿರವನ್ನು ಮೀರುತ್ತವೆ. ಎಲ್ಲವೂ ಬಳಕೆಯಲ್ಲಿಲ್ಲ ನಿಜ. ಆದರೆ ಇಷ್ಟನ್ನು ಚಿತ್ರವಾಗಿ ಬರೆದಿಡುವುದು ದಾರಿಯಲ್ಲ. ತುಣುಕುಗಳನ್ನು ಯಾವಾಗ, ಎಲ್ಲಿ, ಯಾವ ರೂಪದಲ್ಲಿ ಕೂಡಿಸಬೇಕೆಂಬ ವ್ಯಾಕರಣವನ್ನು ಎಂಜಿನ್ ತಿಳಿದಿರಬೇಕು. ತಿಳಿಯದ ಎಂಜಿನ್ ಹತ್ತು ಸಂಕೇತಕ್ಕೆ ಹತ್ತು ಬಿಡಿ ಆಕಾರ ಬರೆದು ಸುಮ್ಮನಾಗುತ್ತದೆ. ದಹಿಸರ್‌ನ ಹಲಗೆಯ ಮೇಲೆ ಆದದ್ದು ಅದೇ.

ಹೀಗೆ ಅಕ್ಷರಕ್ಕೆ ಬಾಗಿಲು ಮುಚ್ಚಿದಾಗ ಚಿತ್ರದ ಬಾಗಿಲಿನಿಂದ ಒಳಬರುವುದು ಕನ್ನಡಕ್ಕೆ ಹೊಸತಲ್ಲ. ಕನ್ನಡದ ಅಚ್ಚಿನ ಮೊಳೆಗಳು 1817ರ ಹೊತ್ತಿಗಾಗಲೇ ಬಂಗಾಳದ ಶ್ರೀರಾಂಪುರದಲ್ಲಿದ್ದವು, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಆ ವರ್ಷ ಅಲ್ಲಿ ಅಚ್ಚಾಯಿತು. ಆದರೂ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣ ಆರಂಭಿಸಿದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಮುದ್ರಣಗೊಂಡದ್ದು ಕಲ್ಲಚ್ಚಿನಲ್ಲಿಯೇ. ಕಲ್ಲಚ್ಚಿಗೆ ಅಕ್ಷರ ಯಾವುದು, ಚಿತ್ರ ಯಾವುದು ಎಂಬ ಭೇದವಿಲ್ಲ. ಕೈಯಲ್ಲಿ ಬರೆದದ್ದು ಕಲ್ಲಿನ ಮೇಲೆ ಎಡಬಲ ತಿರುಗಿ ನಿಂತು, ಕಾಗದದ ಮೇಲೆ ನೇರವಾಗಿ ಮೂಡುತ್ತದೆ. ಒತ್ತು, ಅರ್ಕಾವೊತ್ತು, ಕೊಂಬು ಯಾವುದಕ್ಕೂ ಬೇರೆ ಮೊಳೆ ಬೇಡ. ಬರೆಯುವವನ ಕೈ ಬಲ್ಲುದೆಲ್ಲವನ್ನೂ ಕಲ್ಲು ಬಲ್ಲದು.

ಈ ವಿಧಾನದ ಮಿತಿಯೂ ಇಲ್ಲಿಯೇ ಇದೆ. ಕಲ್ಲಿನ ಮೇಲಿನ ಒಂದು ಅಕ್ಷರವನ್ನು ಕಿತ್ತು ಮುಂದಿನ ಸಂಚಿಕೆಗೆ ಬಳಸುವಂತಿಲ್ಲ. ಪ್ರತಿ ಪುಟವನ್ನೂ ಹೊಸದಾಗಿ ಬರೆಯಬೇಕು. ಮರುವರ್ಷ ಆ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ, ಮೊಳೆಗಳಲ್ಲಿ ಅಚ್ಚಾಯಿತು. ಮುಂದೆ ಮಂಗಳೂರಿನ ಅದೇ ಮಿಷನ್ ಮುದ್ರಣಾಲಯದಲ್ಲಿ ಮೊಳೆಗಳ ಕೆಲಸ ಬೆಳೆದು, 1894ರಲ್ಲಿ ಕಿಟ್ಟೆಲ್ ಅವರ ಬೃಹತ್ ನಿಘಂಟು ಹೊರಬಂತು. ನಿಘಂಟನ್ನು ಕಲ್ಲಚ್ಚಿನಲ್ಲಿ ತರುವುದನ್ನು ಊಹಿಸುವುದೇ ಕಷ್ಟ. ಚಿತ್ರವಾಗಿ ಬಂದ ಕನ್ನಡಕ್ಕೆ ಮೊದಲ ಪತ್ರಿಕೆ ದಕ್ಕಿತು. ಮೊಳೆಯಾದ ಮೇಲೆ ನಿಘಂಟು ದಕ್ಕಿತು.

ಮೊಳೆಯಿಂದ ಕಂಪ್ಯೂಟರಿಗೆ ಕನ್ನಡ ದಾಟಿದ ಕಥೆಯಲ್ಲಿ ನಮ್ಮ ಮುಂಬಯಿಗೆ ಒಂದು ಪಾಲಿದೆ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದವರು. ಇಂಗ್ಲಿಷಿನ 26 ಕೀಲಿಗಳಿಂದಲೇ ಕನ್ನಡದ ಸಮಸ್ತವನ್ನೂ ಬರೆಯಬಹುದೆಂದು ಅವರು ತೋರಿಸಿಕೊಟ್ಟ ಕೀಲಿಮಣೆಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡೇ ಕರ್ನಾಟಕ ಸರ್ಕಾರ ತನ್ನ ಮಾನಕವನ್ನು ನಿಗದಿಪಡಿಸಿತು. ಇಂದು ‘ನುಡಿ’ಯಲ್ಲಿ ಬರೆಯುವವರ ಬೆರಳುಗಳು ಅದೇ ದಾರಿಯಲ್ಲಿ ಓಡಾಡುತ್ತವೆ. ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದು ಬಂದ ‘ತುಂಗಾ’ ಅಕ್ಷರಶೈಲಿ ಮುಂಬಯಿಯಲ್ಲಿ ಸಿದ್ಧವಾದದ್ದು. ಮರಾಠಿಯ ಕವಿಯೂ ಅಕ್ಷರಕಲಾವಿದರೂ ಆಗಿದ್ದ ರಘುನಾಥ ಕೃಷ್ಣ ಜೋಶಿ ಅವರ ನಿರ್ದೇಶನದಲ್ಲಿ, ಇಲ್ಲಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ ಆ ಕೆಲಸ ನಡೆಯಿತು. ತುಂಗೆಯ ಹೆಸರಿನ ಅಕ್ಷರಗಳು ಅರಬ್ಬೀ ಸಮುದ್ರದ ಈ ದಂಡೆಯಲ್ಲಿ ಮರಾಠಿ ಕವಿಯೊಬ್ಬರ ಕಣ್ಗಾವಲಿನಲ್ಲಿ ಮೂಡಿದವು.

ಇಷ್ಟಾದ ಮೇಲೆ ಕಂಪ್ಯೂಟರಿನ ಪುಟಗಳಲ್ಲಿ ಕನ್ನಡ ನೆಲೆನಿಂತಿತು. ಆದರೆ ಆಟದ ಎಂಜಿನ್ನುಗಳು ವೇಗದ ಹಟದಿಂದ ತಮ್ಮ ಬರಹವನ್ನು ತಾವೇ ಬರೆದುಕೊಳ್ಳುವ ಹಳೆಯ ಪದ್ಧತಿಯನ್ನು ಬಹುಕಾಲ ಬಿಡಲಿಲ್ಲ. ಜಾಲಾಡುವ ತಂತ್ರಾಂಶದಲ್ಲಿ ಸರಿಯಾಗಿ ಕಾಣುವ ಕನ್ನಡ ಆಟದೊಳಗೆ ಮುರಿದು ಬೀಳುವುದಕ್ಕೆ ಇದೇ ಕಾರಣ. ಅಕ್ಷರಗಳನ್ನು ಕೂಡಿಸುವ ವ್ಯಾಕರಣ ತಿಳಿದ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಈ ಕೊರತೆಯನ್ನು ತುಂಬತೊಡಗಿದೆ. ಅದರ ಹೆಸರು ಪರ್ಷಿಯನ್ ಭಾಷೆಯದು, ‘ಹರ್ಫ್’ ಎಂದರೆ ಅಕ್ಷರ. 2023ರ ಮಾರ್ಚಿಯಲ್ಲಿ ಬಂದ ಗೊಡೋ 4ರಲ್ಲಿ ಇದನ್ನು ಅಳವಡಿಸಲಾಯಿತು. ಅಲ್ಲಿ ಕನ್ನಡದ ಅಕ್ಷರಶೈಲಿಯೊಂದನ್ನು ಕೊಟ್ಟರೆ ಹತ್ತು ಸಂಕೇತಗಳ ‘ವಿದ್ಯಾರ್ಥಿ’ ಮೂರು ಅಕ್ಷರಗಳ ‘ವಿದ್ಯಾರ್ಥಿ’ಯಾಗಿಯೇ ಕಾಣುತ್ತದೆ. ಆಗಲೂ ಅಕ್ಷರದ ತುಣುಕುಗಳು ಆಟ ನಡೆಯುವಾಗಲೇ ಟೆಕ್ಸ್ಚರಿಗೆ ಬರೆಯಲ್ಪಡುತ್ತವೆ. ವ್ಯತ್ಯಾಸವಿಷ್ಟೆ, ಯಾವ ತುಣುಕನ್ನು ಎಲ್ಲಿಡಬೇಕೆಂಬುದನ್ನು ಬಲ್ಲವರೊಬ್ಬರು ಈಗ ಒಳಗಿದ್ದಾರೆ.

ಹಾಗಾದರೆ ಚಿತ್ರವನ್ನು ಹೊರಗಿನಿಂದ ತಂದು ಹೊದೆಸುವ ಉಪಾಯ ಇನ್ನು ಬೇಡವೇ? ನಮ್ಮ ಬಳಗದಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳು ಬಂದವು. ಚಿತ್ರವಾಗಿ ಬಂದ ಬರಹವನ್ನು ಹುಡುಕಲಾಗದು, ತಿದ್ದಲಾಗದು, ಹಿಗ್ಗಿಸಿದರೆ ಮಸುಕಾಗುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರಕ್ಕೆ ಅದು ಮೂಕ, ಹೀಗಿರುವಾಗ ಅದಕ್ಕೆ ತೃಪ್ತರಾದರೆ ಕನ್ನಡ ಆಟದ ಲೋಕದಲ್ಲಿ ಅಲಂಕಾರದ ಗೋಡೆಚಿತ್ರವಾಗಿಯೇ ಉಳಿದುಬಿಡುತ್ತದೆ ಎಂದು ಒಬ್ಬರು ವಾದಿಸಿದರು. ಈ ಮಾತಿನಲ್ಲಿ ನಮಗೆ ಸತ್ಯ ಕಾಣುತ್ತದೆ. ಆಟದ ಸೂಚನೆ, ಸಂಭಾಷಣೆ, ಹೆಸರು ಇವೆಲ್ಲ ಅಕ್ಷರವಾಗಿಯೇ ಬರಬೇಕು. ಕೇಳದೆ ಅದು ಬರುವುದಿಲ್ಲ. ಆಟಗಳನ್ನು ಕಟ್ಟುವ ನಮ್ಮವರು ಕಡಿಮೆಯೇನಿಲ್ಲ. ಉಡುಪಿಯ ನೈಂಟಿನೈನ್ ಗೇಮ್ಸ್ ಸಂಸ್ಥೆಯ 2014ರ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟ ದೇಶವಿದೇಶಗಳಲ್ಲಿ ಹೆಸರು ಮಾಡಿತು. ಹೋಟೆಲಿನ ಹೆಸರಿಂದಲೇ ಲೋಕಕ್ಕೆ ಪರಿಚಿತವಾದ ಊರಿನಿಂದ ಅಡುಗೆಯ ಆಟವೇ ಬಂದದ್ದು ನಮಗೆ ಮುದ ನೀಡುವ ಸಂಗತಿ.

ಆದರೆ ಇನ್ನೊಬ್ಬರು ಹೇಳಿದ್ದನ್ನೂ ತಳ್ಳಿಹಾಕುವಂತಿಲ್ಲ. ಅಜ್ಜನ ಕೈಬರಹ ಬರಿಯ ‘ವಿದ್ಯಾರ್ಥಿ’ ಎಂಬ ಪದವಲ್ಲ. ಅದರ ಓರೆ, ಅದರ ಒತ್ತುಗಳ ಉದ್ದ, ದೀರ್ಘದ ಕೊನೆಯಲ್ಲಿನ ಸಣ್ಣ ನಡುಕ ಯಾವ ಅಕ್ಷರಶೈಲಿಯಲ್ಲಿಯೂ ಇಲ್ಲ. ಊರಿನ ಮನೆಯ ಫೋಟೋ, ತಾಳೆಗರಿ, ಮಡಿಕೆ ಮಾಸಿದ ಪತ್ರ, ರಾತ್ರಿ ಶಾಲೆಯ ಪ್ರಮಾಣಪತ್ರ ಇಂಥವು ಚಿತ್ರವಾಗಿಯೇ ಬರಬೇಕಾದವು. ಮುಂಬಯಿಯ ಕನ್ನಡಿಗರ ಚರಿತ್ರೆಯ ಬಹುಪಾಲು ಮನೆಮನೆಯ ಟ್ರಂಕುಗಳಲ್ಲಿದೆ. ಆಟದ ಲೋಕವನ್ನು ಕಟ್ಟಿದ ಯಾರಿಗೂ ಆ ಟ್ರಂಕುಗಳ ಅರಿವಿಲ್ಲ. ಅವನ್ನು ಆ ಲೋಕದೊಳಗೆ ತರಲು ಉಳಿದಿರುವ ಬಾಗಿಲು ಈ ರನ್‌ಟೈಮಿನ ಬಾಗಿಲೊಂದೇ.

ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಲ್ಲ ಎಂಬ ನಿಲುವಿಗೆ ನಾವು ಬಂದೆವು. ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಪತ್ರಿಕೆ ಹೊರಡಿಸದೆ ಮೊಳೆಗಾಗಿ ಕಾದು ಕುಳಿತಿದ್ದರೆ 1843ರ ಆ ಪತ್ರಿಕೆ ನಮಗೆ ಇರುತ್ತಿರಲಿಲ್ಲ. ಕಲ್ಲಚ್ಚೇ ಸಾಕೆಂದು ಎಲ್ಲರೂ ಸುಮ್ಮನಿದ್ದಿದ್ದರೆ ನಿಘಂಟು ಇರುತ್ತಿರಲಿಲ್ಲ.

ದಹಿಸರ್‌ನ ಮನೆಗೆ ನಾವು ಮತ್ತೆ ಹೋದಾಗ ಆಟದ ಕೋಣೆಯಲ್ಲಿ ಎರಡು ಹಲಗೆಗಳಿದ್ದವು. ಒಂದರ ಮೇಲೆ ಅಜ್ಜನ ಕೈಬರಹದ ಚಿತ್ರ. ಇನ್ನೊಂದರ ಮೇಲೆ ಅದೇ ಪದ ಅಕ್ಷರವಾಗಿ, ಒತ್ತು ಒತ್ತಾಗಿಯೂ ಅರ್ಕಾವೊತ್ತು ಅರ್ಕಾವೊತ್ತಾಗಿಯೂ. ಹುಡುಗ ಈ ನಡುವೆ ಬೇರೊಂದು ಎಂಜಿನ್ನಿಗೆ ಹೋಗಿದ್ದ. ಎರಡನೆಯ ಹಲಗೆ ಸರಿಯಿದೆಯೋ ಇಲ್ಲವೋ ಎಂದು ಅಜ್ಜನನ್ನು ಕೇಳುವ ಮೊದಲು ತಾನೇ ಮೊದಲ ಹಲಗೆಯೊಡನೆ ತಾಳೆ ನೋಡಿದೆನೆಂದು ಅವನು ಹೇಳಿದ. ಯಕಾರದ ಒತ್ತು ಎಲ್ಲಿ ಬರುತ್ತದೆ, ರಕಾರ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದ. ಮೂರು ಅಕ್ಷರಗಳನ್ನು ಅವನು ಓದಬಲ್ಲವನಾಗಿದ್ದ. ರಾತ್ರಿ ಒಂಬತ್ತು ಗಂಟೆಯಾಗಿತ್ತು, ಅಜ್ಜ ನಾಲ್ಕನೆಯ ಅಕ್ಷರ ಬರೆಯಲು ಕಾಗದ ಕೇಳಿದರು.